ಹತ್ತಿ ಸೊಕ್ಕಿ ಬೆಳೀತಿದೆ, ಮೊಗ್ಗು ನಿಲ್ತಿಲ್ಲ

ಪ್ರಶ್ನೆ (ಬನವಾಸಿ ಕಡೆಯ ರೈತರು): ಬಿಟಿ ಹೈಬ್ರಿಡ್ ಹತ್ತಿ, ಬಿತ್ತಿ 62 ದಿನ. ಗಿಡ ಸೊಂಟ ದಾಟಿದೆ, ಸಾಲಿನ ನಡುವೆ ನೆಲ ಕಾಣೋದಿಲ್ಲ. ಮೇಲುಗೊಬ್ಬರವಾಗಿ ಯೂರಿಯಾ ಕೊಟ್ಟ ಮೇಲೆ ಮಳೆ, ಮೋಡ ಬಿಟ್ಟೇ ಇಲ್ಲ. ಅಂಗಡಿಯಲ್ಲಿ ಬೆಳವಣಿಗೆ ತಗ್ಗಿಸೋ ಔಷಧ ಮೆಪಿಕ್ವಾಟ್ ಕ್ಲೋರೈಡ್ ಹೊಡೀರಿ ಅಂದರು. ಎಷ್ಟು ಹಾಕಬೇಕು?

ಉತ್ತರ (ಬೇಸಾಯ ತಜ್ಞರು): ಮೊದಲು ಅಳತೆ ಮಾಡಿ, ಆಮೇಲೆ ಔಷಧ. ಹೊಲದ ಬೇರೆ ಬೇರೆ ಕಡೆ ಹತ್ತು ಗಿಡ ನೋಡಿ. ತುದಿಯಲ್ಲಿ ಒಂದು ಇಂಚು ಅಗಲ ಬಿಚ್ಚಿದ ಎಲೆ ಇರುವ ಗೆಣ್ಣು (ಎಲೆ ಹುಟ್ಟುವ ಗಂಟು) ಒಂದನೆಯದು. ಅಲ್ಲಿಂದ ಕೆಳಕ್ಕೆ ಎಣಿಸಿ. ನಾಲ್ಕನೇ ಮತ್ತು ಐದನೇ ಗೆಣ್ಣಿನ ನಡುವೆ 3 ಇಂಚಿಗಿಂತ ಹೆಚ್ಚಿದ್ದರೆ ಸೊಕ್ಕು ಹೌದು. 2 ಇಂಚಿನ ಒಳಗಿದ್ದರೆ ಹೊಡೆಯಲೇಬೇಡಿ.

ಮೆಪಿಕ್ವಾಟ್ ಗಿಡದೊಳಗೆ ಕಾಂಡ ಉದ್ದ ಮಾಡುವ ಹಾರ್ಮೋನು ಜಿಬ್ಬರೆಲಿನ್ ತಯಾರಾಗೋದನ್ನು ತಗ್ಗಿಸುತ್ತದೆ. ಹಾಗಾಗಿ ಮುಂದೆ ಬರುವ ಗೆಣ್ಣುಗಳ ನಡುವಿನ ಅಂತರ ಗಿಡ್ಡವಾಗುತ್ತದೆ, ಈಗಾಗಲೇ ಉದ್ದವಾದ ಕಾಂಡ ಕುಗ್ಗುವುದಿಲ್ಲ. ಶೇ. 5ರ ದ್ರಾವಣವಾದರೆ ಲೀಟರ್ ನೀರಿಗೆ 1 ಮಿ.ಲೀ.; ಎಕರೆಗೆ 200 ಲೀಟರ್ ನೀರಿನಲ್ಲಿ 200 ಮಿ.ಲೀ. 15 ಲೀಟರ್ ಪಂಪಿಗೆ 15 ಮಿ.ಲೀ., ಮುಚ್ಚಳದ ಅಂದಾಜು ಬೇಡ. ಬಾಟಲಿ ಮೇಲಿನ ಶೇಕಡಾವಾರು ಬೇರೆ ಇದ್ದರೆ ಈ ಲೆಕ್ಕ ನಡೆಯೋದಿಲ್ಲ. ಮಣ್ಣು ಒಣಗಿ ಎಲೆ ಬಾಡಿದ್ದಾಗಲೂ ಹೊಡೆಯಬಾರದು. ಬೆಳವಣಿಗೆ ಪೂರ್ತಿ ಕಟ್ಟಿಹೋಗಿ ಇಳುವರಿ ಬೀಳುತ್ತದೆ.

ಇನ್ನೊಂದು ಮಾತು: ಮೊಗ್ಗು ಉದುರಿದ್ದರಿಂದಲೇ ಗಿಡ ಸೊಕ್ಕಿರಬಹುದು. ಗಿಡವನ್ನು ಹಿಡಿದಿಡುವುದು ಕಾಯಿಯ ಭಾರ. ಉದುರಿದ ಮೊಗ್ಗು ಬಿಡಿಸಿ ನೋಡಿ. ತೂತು, ಹಿಕ್ಕೆ ಕಂಡರೆ ಕಾಯಿಕೊರಕದ ಕೆಲಸ, ಅದಕ್ಕೆ ಮೆಪಿಕ್ವಾಟ್ ಏನೂ ಮಾಡದು. ಇನ್ನು ಯೂರಿಯಾ ನಿಲ್ಲಿಸಿ.

ಪ್ರಶ್ನೆ: ಗೆಣ್ಣಿನ ಅಂತರ ಮೂರೂವರೆ ಇಂಚು ಇದೆ, ಮೊಗ್ಗಿನಲ್ಲಿ ತೂತಿಲ್ಲ. ಆದರೆ ನಮ್ಮಲ್ಲಿ ಮಳೆ ಬಿಡುವು ಕೊಡೋದೇ ಕಷ್ಟ. ಹೊಡೆದ ಮೂರು ತಾಸಿಗೆ ಮಳೆ ಬಂದರೆ?

ಉತ್ತರ: ಎಂಟು ತಾಸು ಮಳೆಯಿಲ್ಲದಿದ್ದರೆ ಪೂರ್ತಿ ಹೀರಿಕೊಳ್ಳುತ್ತದೆ. ಮುಂಜಾನೆ ಇಬ್ಬನಿ ಆರಿದ ಕೂಡಲೇ ಅಂಟುದ್ರಾವಣ ಸೇರಿಸಿ ಹೊಡೆಯಿರಿ. ಮಳೆ ತೊಳೆದರೂ ಮಾರನೇ ದಿನವೇ ಇನ್ನೊಂದು ಡೋಸ್ ಬೇಡ. ಒಂದಿಷ್ಟು ಒಳಗೆ ಹೋಗಿರುತ್ತದೆ. ಹತ್ತು ದಿನ ಬಿಟ್ಟು ಹೊಸ ಗೆಣ್ಣುಗಳ ಅಂತರ ಅಳೆಯಿರಿ. ಎಲ್ಲಕ್ಕಿಂತ ಮೇಲಿನ ಬಿಳಿ ಹೂವಿನಿಂದ ತುದಿಗೆ ಐದೇ ಗೆಣ್ಣು ಉಳಿದಿದ್ದರೆ ಗಿಡ ತಾನೇ ನಿಲ್ಲುತ್ತಿದೆ, ಮತ್ತೆ ಹೊಡೆದು ಪ್ರಯೋಜನವಿಲ್ಲ.

ಇನ್ನೊಬ್ಬ ಸದಸ್ಯರು: ಗದ್ದೆ ಕಳೆಗೆ 2,4-ಡಿ ಹೊಡೆದ ಪಂಪನ್ನು ಹತ್ತಿಗೆ ತರಬೇಡಿ. ಬರೀ ನೀರಿನಲ್ಲಿ ಗಲಬರಿಸಿದರೆ ಸಾಲದು, ಪೈಪು, ನಾಜಲ್‌ನಲ್ಲಿ ಉಳಿದಷ್ಟೇ ಸಾಕು: ಹೊಸ ಎಲೆ ಬೆಂಡೆ ಎಲೆಯ ಹಾಗೆ ಸೀಳಿ ಸಣ್ಣಗಾಗುತ್ತದೆ, ಮೊಗ್ಗು ಉದುರುತ್ತದೆ. ಪಕ್ಕದ ಗದ್ದೆಯಿಂದ ಗಾಳಿಗೆ ಬಂದರೂ ಅಷ್ಟೇ.

ಪ್ರಶ್ನೆ: ಕುಡಿ ಚಿವುಟಿದರೆ ಔಷಧವೇ ಬೇಡವೇ?

ಉತ್ತರ: ಆಳು ಸಿಕ್ಕರೆ ಅದೂ ಒಳ್ಳೆಯದೇ. 75–80 ದಿನಕ್ಕೆ, ಬರೀ ತುದಿ. ನಿಮಗೆ ಇನ್ನೂ ಎರಡು ವಾರ ಇದೆ. ಮೂರೂವರೆ ಇಂಚು ಇರುವಾಗ ಅಲ್ಲಿವರೆಗೆ ಕಾದರೆ ಕೆಳಗಿನ ಕಾಯಿ ನೆರಳು, ತೇವಕ್ಕೆ ಕೊಳೆಯುತ್ತವೆ. ಬಿಡುವು ಸಿಕ್ಕ ದಿನ ಒಂದು ಸಲ ಹೊಡೆಯಿರಿ.