ಅಳಿವೆಯಲ್ಲಿ ಹೂಳೆತ್ತಿದವರು ಪಾಳಿ ಹೇಗೆ ಹಾಕುತ್ತೀರಿ?

ಇಷ್ಟು ದಿನ ಕೆರೆ, ಜಲಾಶಯಗಳಲ್ಲೇ ಹೂಳೆತ್ತಿದವನು ನಾನು. ಮೊದಲ ಬಾರಿಗೆ ಅಳಿವೆಯ ಕೆಲಸ ಸಿಕ್ಕಿದೆ. ಕಟರ್ ಸಕ್ಷನ್ ಡ್ರೆಜರ್ (ತಿರುಗುವ ಕಟರಿನಿಂದ ತಳವನ್ನು ಕೆರೆದು ಹೂಳನ್ನು ಪಂಪಿನಿಂದ ಹೀರುವ ದೋಣಿ), ಹೂಳು ಸಾಗಿಸಲು ತೇಲುವ ಪೈಪು. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಒಂದೇ ಪಾಳಿ ಸಾಕೇ? ಅನುಭವಿಗಳು ತಿಳಿಸಿ.

ಉತ್ತರ 1: ಸಾಲದು. ಹೆಚ್ಚಿನ ಕಡೆ ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನಕ್ಕೆ 50 ನಿಮಿಷದಷ್ಟು ತಡವಾಗುತ್ತಾ ಹೋಗುತ್ತದೆ. ಇಂದು ಎಂಟಕ್ಕೆ ನೀರು ತುಂಬಿದ್ದರೆ, ವಾರ ಕಳೆದ ಮೇಲೆ ಅದೇ ಎಂಟಕ್ಕೆ ಇಳಿತ. ದಡದ ಬದಿಯ ಆಳವಿಲ್ಲದ ಜಾಗವನ್ನು ಉಬ್ಬರಕ್ಕೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಡ್ರೆಜರೇ ಕೆಸರಿನಲ್ಲಿ ಕೂರುತ್ತದೆ. ಲ್ಯಾಡರ್ (ಕಟರನ್ನು ತಳಕ್ಕೆ ಇಳಿಸುವ ತೋಳು) ಕಷ್ಟಪಟ್ಟು ಮುಟ್ಟುವ ಆಳದ ಭಾಗ ಇಳಿತಕ್ಕೆ ಇರಲಿ.

ನಾನು ಮಾಡಿಕೊಂಡ ಎಡವಟ್ಟನ್ನೂ ಹೇಳುತ್ತೇನೆ. ಇಳಿತದಲ್ಲಿ ಕೆಲಸ ಶುರು ಮಾಡಿ, ಉಬ್ಬರ ತುಂಬುವವರೆಗೂ ಲ್ಯಾಡರನ್ನು ಇನ್ನಷ್ಟು ಕೆಳಗಿಳಿಸಲೇ ಇಲ್ಲ. ನೀರಿನ ಜೊತೆ ಡ್ರೆಜರ್ ಏರಿತು, ಡ್ರೆಜರಿನ ಜೊತೆ ಕಟರ್ ಕೂಡ. ಸರ್ವೆಯಲ್ಲಿ ತಳ ಜಾರುಬಂಡೆಯಂತೆ ಬಂತು: ಒಂದು ತುದಿಗೂ ಇನ್ನೊಂದಕ್ಕೂ ಒಂದೂವರೆ ಮೀಟರ್ ವ್ಯತ್ಯಾಸ! ಆಮೇಲಿಂದ ಕೆಲಸದ ಜಾಗದಲ್ಲೇ ಅಳತೆಪಟ್ಟಿ ನೆಟ್ಟು, 15 ನಿಮಿಷಕ್ಕೊಮ್ಮೆ ಒಬ್ಬ ಹುಡುಗ ವಾಕಿಟಾಕಿಯಲ್ಲಿ ಮಟ್ಟ ಹೇಳುತ್ತಿದ್ದ. ಈಗ ಜಿಪಿಎಸ್ ಆ ಲೆಕ್ಕ ಹಾಕುತ್ತದೆ ನಿಜ. ಆದರೂ ಪಟ್ಟಿಯನ್ನು ಕೀಳಬೇಡಿ.

ಉತ್ತರ 2: ನೀರಿನ ಮಟ್ಟಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಸೆಳೆತ. ಅದು ದಿಕ್ಕು ಬದಲಿಸಿದಾಗ ತೇಲುವ ಪೈಪಿನ ಸಾಲು ಬಿಲ್ಲಿನಂತೆ ಬಾಗಿ ಮತ್ತೊಂದು ಕಡೆಗೆ ಹೊರಳುತ್ತದೆ. ಎರಡೂ ಬದಿಗೆ ಲಂಗರು ಇರಲಿ. ಲಂಗರು ಸರಿಸುವುದು, ಪೈಪು ಜೋಡಿಸುವುದೆಲ್ಲ ನೀರು ನಿಂತ ಆ ಸ್ವಲ್ಪ ಹೊತ್ತಿನಲ್ಲೇ ಮುಗಿಯಬೇಕು. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನ ಸೆಳೆತ ಜೋರು. ಸೂಕ್ಷ್ಮ ಕೆಲಸವನ್ನು ಅಷ್ಟಮಿಯ ಆಸುಪಾಸಿಗೆ ಹಾಕಿಕೊಳ್ಳಿ.

ಉತ್ತರ 3: ಉಬ್ಬರದ ವೇಳಾಪಟ್ಟಿಯನ್ನು ಕಣ್ಣು ಮುಚ್ಚಿ ನಂಬಬೇಡಿ. ಅದು ಬಂದರಿನ ಲೆಕ್ಕ. ಹೊಳೆಯಲ್ಲಿ ಮೇಲೆ ಹೋದಷ್ಟೂ ಉಬ್ಬರ ತಡವಾಗಿ ತಲುಪುತ್ತದೆ. ವಾಯುಭಾರ ಒಂದು ಹೆಕ್ಟೋಪಾಸ್ಕಲ್ ಕುಸಿದರೆ ನೀರು ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಕಡಲಿಂದ ದಡಕ್ಕೆ ಬೀಸುವ ಗಾಳಿ ಇನ್ನಷ್ಟು ನೀರನ್ನು ಒಳಗೆ ತಳ್ಳುತ್ತದೆ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಹಾಕಿದ್ದ ಪಾಳಿಪಟ್ಟಿ ಹರಿದೆ. ಅಳತೆಪಟ್ಟಿಯ ಸೊನ್ನೆಯನ್ನು ಸರ್ವೆಯವರಿಂದಲೇ ಹಾಕಿಸಬೇಕೇ?

ಉತ್ತರ 1: ಹೌದು, ನಕ್ಷೆಯ ಆಧಾರಮಟ್ಟಕ್ಕೇ (ನಕ್ಷೆಯಲ್ಲಿ ಆಳ ಅಳೆಯಲು ಸೊನ್ನೆ ಎಂದು ಹಿಡಿದ ಮಟ್ಟ) ಹೊಂದಿಸಿ. ಕಣ್ಣಳತೆಯಲ್ಲಿ ಹಾಕಿದರೆ ಬಿಲ್ಲಿನ ಸಮಯದಲ್ಲಿ ಜಗಳ ಖಚಿತ.