ಸೊಲೆನಾಯ್ಡ್ ಅಂದರೆ ಸುರುಳಿಯೋ, ಸ್ವಿಚ್ಚೋ, ವಾಲ್ವೋ?

ಪ್ರಶ್ನೆ: ಯಂತ್ರಗಳ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಸೊಲೆನಾಯ್ಡ್’ ಎಂಬ ಪದ ಪದೇ ಪದೇ ಬರುತ್ತದೆ. ಶಾಲೆಯಲ್ಲಿ ಓದಿದ ನೆನಪಿನ ಪ್ರಕಾರ ಅದು ತಂತಿಯ ಸುರುಳಿ. ಮೆಕ್ಯಾನಿಕ್ ಒಬ್ಬರನ್ನು ಕೇಳಿದರೆ ಸ್ಟಾರ್ಟರ್ ಮೋಟರಿನ ಬೆನ್ನ ಮೇಲೆ ಕೂತಿರುವ ಡಬ್ಬಿ ತೋರಿಸಿದರು. ವಾಷಿಂಗ್ ಮೆಷಿನ್ ರಿಪೇರಿ ಮಾಡುವವರು ‘ನೀರು ಬಿಡೋ ವಾಲ್ವ್ ಸಾರ್ ಅದು’ ಅಂದರು. ಮೂರೂ ಒಂದೇನಾ? ಎಲ್ಲ ಕಡೆ ‘ಸುರುಳಿ’ ಅಂತ ಬರೆದುಬಿಡಲೇ?

ಉತ್ತರ:

ನಮಸ್ಕಾರ. ಎಲ್ಲ ಕಡೆ ‘ಸುರುಳಿ’ ಹಾಕಬೇಡಿ, ಓದುವವರು ದಾರಿ ತಪ್ಪುತ್ತಾರೆ. ನಿಮಗೆ ಹೇಳಿದ ಯಾರೂ ತಪ್ಪು ಹೇಳಿಲ್ಲ. ಒಂದೇ ಪದ ಭೌತಶಾಸ್ತ್ರದಲ್ಲಿ ಒಂದು ಆಕಾರದ ಹೆಸರು, ವರ್ಕ್‌ಶಾಪಿನಲ್ಲಿ ಒಂದು ಕೆಲಸದ ಹೆಸರು. ಎರಡನ್ನೂ ಬೇರೆ ಮಾಡಿ ನೋಡಿದರೆ ಕೈಪಿಡಿ ಸಲೀಸಾಗುತ್ತದೆ.

ಮೊದಲು ಪದದ ಹುಟ್ಟು. ಇದನ್ನು ಕಟ್ಟಿದವರು ಫ್ರಾನ್ಸಿನ ಆಂದ್ರೆ-ಮಾರಿ ಆಂಪೇರ್, 1820ರ ದಶಕದಲ್ಲಿ. ವಿದ್ಯುತ್ತನ್ನು ಅಳೆಯುವ ‘ಆಂಪಿಯರ್’ ಬಂದದ್ದು ಇವರ ಹೆಸರಿನಿಂದಲೇ. ಗ್ರೀಕ್ ಭಾಷೆಯಲ್ಲಿ ‘ಸೋಲೆನ್’ ಅಂದರೆ ಕೊಳವೆ. ಕೊನೆಯ ‘ಆಯ್ಡ್’ ಅಂದರೆ ‘ಅದರ ಹಾಗೆ ಇರುವುದು’. ಈ ಬಾಲ ನಮಗೆ ಹೊಸದೇನಲ್ಲ. ಥೈರಾಯ್ಡ್ ಅಂದರೆ ಗುರಾಣಿಯ ಹಾಗಿರುವುದು, ಆಸ್ಟರಾಯ್ಡ್ ಅಂದರೆ ನಕ್ಷತ್ರದ ಹಾಗಿರುವುದು. ಹಾಗಾಗಿ ಸೊಲೆನಾಯ್ಡ್ ಅಂದರೆ ‘ಕೊಳವೆಯಂಥದ್ದು’, ಅಷ್ಟೇ. ಉದ್ದನೆಯ ಕೊಳವೆಯಂಥ ಚಿಪ್ಪಿರುವ ಒಂದು ಕಡಲಜೀವಿಗೂ ಸೋಲೆನ್ ಅಂತಲೇ ಹೆಸರಿದೆ. ಗಮನಿಸಿ, ಮೂಲ ಪದದಲ್ಲಿ ತಂತಿಯೂ ಇಲ್ಲ, ಅಯಸ್ಕಾಂತವೂ ಇಲ್ಲ, ಎಳೆಯುವುದೂ ಇಲ್ಲ.

ಆಂಪೇರ್‌ಗೆ ಈ ಪದ ಯಾಕೆ ಬೇಕಾಯಿತು? 1820ರಲ್ಲಿ ಡೆನ್ಮಾರ್ಕಿನ ಓರ್ಸ್ಟೆಡ್ ಒಂದು ವಿಷಯ ಕಂಡುಕೊಂಡಿದ್ದರು. ತಂತಿಯಲ್ಲಿ ಕರೆಂಟ್ ಹರಿದರೆ ಪಕ್ಕದಲ್ಲಿಟ್ಟ ದಿಕ್ಸೂಚಿಯ ಮುಳ್ಳು ತಿರುಗುತ್ತದೆ. ಅಂದರೆ ಕರೆಂಟಿನ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ಒಂದೇ ನೇರ ತಂತಿಯ ಕ್ಷೇತ್ರ ತುಂಬ ದುರ್ಬಲ. ಅದೇ ತಂತಿಯನ್ನು ಕೊಳವೆಯ ಮೇಲೆ ಒತ್ತೊತ್ತಾಗಿ ಸುತ್ತಿದರೆ ಪ್ರತಿ ಸುತ್ತಿನ ಕ್ಷೇತ್ರವೂ ಒಳಗಡೆ ಒಂದೇ ದಿಕ್ಕಿಗೆ ಕೂಡುತ್ತಾ ಹೋಗುತ್ತದೆ. ಹೊರಗಡೆ ಹೆಚ್ಚು ಕಡಿಮೆ ಒಂದನ್ನೊಂದು ಕಳೆದುಕೊಳ್ಳುತ್ತವೆ. ಹೀಗೆ ಸುತ್ತಿದ ಸುರುಳಿ ಕಡ್ಡಿ ಅಯಸ್ಕಾಂತದಂತೆಯೇ ನಡೆದುಕೊಳ್ಳುತ್ತದೆ. ಒಂದು ತುದಿ ಉತ್ತರ ಧ್ರುವ, ಇನ್ನೊಂದು ದಕ್ಷಿಣ. ಯಾವುದು ಉತ್ತರ ಅಂತ ತಿಳಿಯಬೇಕಾದರೆ ಬಲಗೈಯ ನಾಲ್ಕು ಬೆರಳುಗಳನ್ನು ಕರೆಂಟ್ ಸುತ್ತುವ ದಿಕ್ಕಿಗೆ ಮಡಚಿ. ಹೆಬ್ಬೆರಳು ತೋರಿಸುವ ತುದಿ ಉತ್ತರ.

ಭೌತಶಾಸ್ತ್ರದ ಪುಸ್ತಕದಲ್ಲಿ ‘ಸೊಲೆನಾಯ್ಡ್’ ಅಂದರೆ ಇಷ್ಟೇ: ಅಗಲಕ್ಕಿಂತ ಉದ್ದ ಎಷ್ಟೋ ಜಾಸ್ತಿ ಇರುವ ಸುರುಳಿ. ಉದ್ದ ಯಾಕೆ ಮುಖ್ಯ ಅಂದರೆ, ಆಗ ಒಳಗಿನ ಕ್ಷೇತ್ರ ಎಲ್ಲ ಕಡೆ ಸಮನಾಗಿರುತ್ತದೆ, ಲೆಕ್ಕವೂ ಸುಲಭ. ಒಂದು ಮೀಟರಿಗೆ ಎಷ್ಟು ಸುತ್ತು, ಎಷ್ಟು ಆಂಪಿಯರ್, ಇವೆರಡನ್ನು ಗುಣಿಸಿ ಒಂದು ಸ್ಥಿರಾಂಕದಿಂದ ಮತ್ತೆ ಗುಣಿಸಿದರೆ ಮುಗಿಯಿತು. 10 ಸೆಂಟಿಮೀಟರ್ ಉದ್ದದ ಕೊಳವೆಗೆ 500 ಸುತ್ತು ಹಾಕಿ 2 ಆಂಪಿಯರ್ ಹರಿಸಿದಿರಿ ಅನ್ನಿ. ನಡುವೆ ಸುಮಾರು 12.6 ಮಿಲಿಟೆಸ್ಲಾ ಕ್ಷೇತ್ರ ಸಿಗುತ್ತದೆ. ಭೂಮಿಯ ಕಾಂತಕ್ಷೇತ್ರ ಸುಮಾರು 0.05 ಮಿಲಿಟೆಸ್ಲಾ, ಅಂದರೆ ಅದರ 250 ಪಟ್ಟು. ಕೊಳವೆಯ ಬಾಯಿಗೆ ಬಂದರೆ ಕ್ಷೇತ್ರ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಸುರುಳಿ ಎಷ್ಟು ದಪ್ಪ ಅನ್ನುವುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಮೊದಲ ಸಲ ಓದಿದವರಿಗೆ ಇದು ನಂಬೋಕೆ ಕಷ್ಟ, ಆದರೆ ಉದ್ದ ಸಾಕಷ್ಟಿದ್ದರೆ ಹಾಗೇನೆ.

ಈ ಅರ್ಥದಲ್ಲಿ ಪದ ಬಂದಾಗ ‘ಸೊಲೆನಾಯ್ಡ್ ಸುರುಳಿ’ ಅಥವಾ ‘ಉದ್ದ ಸುರುಳಿ’ ಅನ್ನಿ, ತೊಂದರೆ ಇಲ್ಲ. ಎಂಆರ್‌ಐ ಯಂತ್ರದ ದೊಡ್ಡ ಅಯಸ್ಕಾಂತ ಇದೇ ಜಾತಿಯದು. ದ್ರವ ಹೀಲಿಯಂನಲ್ಲಿ, ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿದ ಸುರುಳಿಯೊಳಗೆ ರೋಗಿ ಮಲಗಿರುತ್ತಾರೆ. ಕ್ಷೇತ್ರ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ಸಿಎಂಎಸ್ ಎಂಬ ಶೋಧಕದ ಹೆಸರಿನ ಕೊನೆಯ ‘ಎಸ್’ ಕೂಡ ಸೊಲೆನಾಯ್ಡೇ. 13 ಮೀಟರ್ ಉದ್ದ, 6 ಮೀಟರ್ ಅಡ್ಡಗಲ, 3.8 ಟೆಸ್ಲಾ. ಇವುಗಳಲ್ಲಿ ಒಳಗೆ ಹೊರಗೆ ಓಡಾಡುವ ಕಬ್ಬಿಣದ ತುಂಡು ಯಾವುದೂ ಇಲ್ಲ. ಈ ಮಾತು ನೆನಪಿಟ್ಟುಕೊಳ್ಳಿ. ಪದದ ಅರ್ಥ ಹೊರಳಿದ್ದು ಆ ಓಡಾಡುವ ತುಂಡಿನಿಂದ.

ಸುರುಳಿಯ ಬಾಯಿಗೆ ಮೆದು ಕಬ್ಬಿಣದ ಕಡ್ಡಿಯೊಂದನ್ನು ಅರ್ಧ ತೂರಿಸಿ ಕರೆಂಟ್ ಕೊಡಿ. ಕಡ್ಡಿ ಸರ್ರನೆ ಒಳಗೆ ಹೋಗುತ್ತದೆ. ಕ್ಷೇತ್ರಕ್ಕೆ ಸಿಕ್ಕ ಕಬ್ಬಿಣ ತಾನೇ ತಾತ್ಕಾಲಿಕವಾಗಿ ಅಯಸ್ಕಾಂತವಾಗುತ್ತದೆ, ಕ್ಷೇತ್ರ ಎಲ್ಲಿ ಜಾಸ್ತಿಯೋ ಅಲ್ಲಿಗೆ ಎಳೆಯಲ್ಪಡುತ್ತದೆ. ಕರೆಂಟ್ ತೆಗೆದರೆ ಬಲ ಹೋಯಿತು. ಹಿಂದೆ ತಳ್ಳೋಕೆ ಒಂದು ಸ್ಪ್ರಿಂಗ್ ಇಟ್ಟರೆ ಕಡ್ಡಿ ಸ್ವಸ್ಥಾನಕ್ಕೆ ಬರುತ್ತದೆ. ಈ ಕಡ್ಡಿಗೆ ಪ್ಲಂಜರ್ ಅನ್ನುತ್ತಾರೆ. ಸುರುಳಿ, ಪ್ಲಂಜರ್, ಸ್ಪ್ರಿಂಗ್, ಹೊರಗಿನ ಕಬ್ಬಿಣದ ಕವಚ, ಇಷ್ಟೂ ಸೇರಿದ ಸಾಮಾನಿಗೆ ವರ್ಕ್‌ಶಾಪಿನಲ್ಲಿ ‘ಸೊಲೆನಾಯ್ಡ್’ ಅಂತ ಹೆಸರು. ಒಳಗಿನ ಸುರುಳಿಗೆ ಅಲ್ಲಿ ಬೇರೆ ಹೆಸರೇ ಇದೆ: ಕಾಯಿಲ್. ‘ಸೊಲೆನಾಯ್ಡ್ ಚೆನ್ನಾಗಿದೆ, ಕಾಯಿಲ್ ಸುಟ್ಟಿದೆ’ ಅಂತ ಒಬ್ಬ ಮೆಕ್ಯಾನಿಕ್ ಹೇಳಬಹುದು. ಪುಸ್ತಕದ ಅರ್ಥ ಹಿಡಿದುಕೊಂಡು ಕೂತರೆ ಈ ಮಾತಿಗೆ ತಲೆಬುಡ ಇಲ್ಲ. ಅವರ ಬಳಕೆಯಲ್ಲಿ ಎಷ್ಟು ಸ್ಪಷ್ಟವಾಗಿದೆ ನೋಡಿ.

ಇದರ ಗುಣ ಎರಡು ಮೂರು ಹೇಳಿಬಿಡುತ್ತೇನೆ, ಅನುವಾದಕ್ಕೂ ಬೇಕಾಗುತ್ತವೆ. ಒಂದು, ಸೊಲೆನಾಯ್ಡ್ ಎಳೆಯುತ್ತದೆಯೇ ಹೊರತು ತಳ್ಳುವುದಿಲ್ಲ. ಕರೆಂಟ್ ದಿಕ್ಕು ತಿರುಗಿಸಿದರೂ ಎಳೆಯುವುದೇ, ಯಾಕೆಂದರೆ ಕಬ್ಬಿಣದ ಧ್ರುವಗಳೂ ಜೊತೆಗೇ ತಿರುಗಿಬಿಡುತ್ತವೆ. ‘ತಳ್ಳುವ ಸೊಲೆನಾಯ್ಡ್’ ಅಂತ ಕೈಪಿಡಿಯಲ್ಲಿ ಬಂದರೆ ಗಾಬರಿ ಬೇಡ. ಪ್ಲಂಜರಿನ ಒಳತುದಿಗೆ ಒಂದು ಸಣ್ಣ ಸರಳು ಹಾಕಿರುತ್ತಾರೆ. ಪ್ಲಂಜರ್ ಒಳಗೆ ಬಂದಾಗ ಸರಳು ಎದುರು ಕಡೆಯಿಂದ ಹೊರಬರುತ್ತದೆ, ಅಷ್ಟೇ. ಇನ್ನೊಂದು, ಬಲ ಶುರುವಿನಲ್ಲಿ ಕಡಿಮೆ, ಪ್ಲಂಜರ್ ಒಳಗೆ ಕೂರುವ ಹೊತ್ತಿಗೆ ಜಾಸ್ತಿ. ನಡುವಿನ ಗಾಳಿಯ ಸಂದು ಕಿರಿದಾದಂತೆ ಎಳೆತ ಏರುತ್ತದೆ. ‘ಟಕ್’ ಅಂತ ಸದ್ದು ಬರುವುದು ಇದಕ್ಕೇ. ಎಳೆಯೋಕೆ ಬೇಕಾದಷ್ಟು ಕರೆಂಟ್ ಹಿಡಿದಿಟ್ಟುಕೊಳ್ಳೋಕೆ ಬೇಕಾಗುವುದಿಲ್ಲ ಅನ್ನುವುದೂ ಇದರಿಂದಲೇ.

ಡಿಂಗ್-ಡಾಂಗ್ ಕರೆಗಂಟೆಯಲ್ಲಿ ಇದನ್ನು ಕಿವಿಯಲ್ಲೇ ಕೇಳಬಹುದು. ಗುಂಡಿ ಒತ್ತಿದಾಗ ಪ್ಲಂಜರ್ ಹೋಗಿ ಒಂದು ಪಟ್ಟಿಗೆ ಬಡಿಯುತ್ತದೆ, ಅದು ‘ಡಿಂಗ್’. ಬಿಟ್ಟಾಗ ಸ್ಪ್ರಿಂಗ್ ಅದನ್ನು ವಾಪಸ್ ಎಸೆದು ಇನ್ನೊಂದು ಪಟ್ಟಿಗೆ ಬಡಿಸುತ್ತದೆ, ಅದು ‘ಡಾಂಗ್’. ಗುಂಡಿ ಒತ್ತಿ ಹಿಡಿದಿಟ್ಟರೆ ಡಾಂಗ್ ಕಾಯುತ್ತಾ ಇರುತ್ತದೆ.

ಈಗ ನಿಮ್ಮ ಮೆಕ್ಯಾನಿಕ್ ತೋರಿಸಿದ ಡಬ್ಬಿ. ಇದು ನನಗೆ ತುಂಬ ಇಷ್ಟದ ಸಾಮಾನು, ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಕಾರಿನ ಸ್ಟಾರ್ಟರ್ ಮೋಟರಿಗೆ ನೂರಾರು ಆಂಪಿಯರ್ ಬೇಕು. ಅಷ್ಟನ್ನು ಕೀಲಿಯ ಸಣ್ಣ ಸ್ವಿಚ್ಚಿನ ಮೂಲಕ ಹರಿಸಿದರೆ ಸ್ವಿಚ್ ಸುಟ್ಟುಹೋಗುತ್ತದೆ. ಹಾಗಾಗಿ ಕೀಲಿ ತಿರುಗಿಸಿದಾಗ ಸಣ್ಣ ಕರೆಂಟ್ ಸೊಲೆನಾಯ್ಡಿಗೆ ಮಾತ್ರ ಹೋಗುತ್ತದೆ. ಪ್ಲಂಜರ್ ಒಂದೇ ಓಟದಲ್ಲಿ ಎರಡು ಕೆಲಸ ಮಾಡುತ್ತದೆ. ಒಂದು ಕಡೆ ಸನ್ನೆಗೋಲಿನ ಮೂಲಕ ಮೋಟರಿನ ಸಣ್ಣ ಹಲ್ಲುಗಾಲಿಯನ್ನು ಎಂಜಿನ್ನಿನ ಫ್ಲೈವೀಲ್ ಎಂಬ ದೊಡ್ಡ ಚಕ್ರದ ಹಲ್ಲುಗಳಿಗೆ ತಳ್ಳುತ್ತದೆ. ಓಟದ ಕೊನೆಗೆ ಒಂದು ದಪ್ಪ ತಾಮ್ರದ ಬಿಲ್ಲೆಯನ್ನು ಎರಡು ಬೋಲ್ಟುಗಳಿಗೆ ಒತ್ತಿ ಬ್ಯಾಟರಿಯನ್ನು ಮೋಟರಿಗೆ ಸೇರಿಸುತ್ತದೆ. ಮೊದಲು ಹಲ್ಲು ಕೂಡಬೇಕು, ಆಮೇಲೆ ಮೋಟರ್ ಜೋರಾಗಿ ತಿರುಗಬೇಕು. ಈ ಹಿಂದುಮುಂದನ್ನು ಪ್ಲಂಜರಿನ ಓಟವೇ ಕಾಯುತ್ತದೆ.

ಒಳಗೆ ಎರಡು ಸುರುಳಿ ಇರುತ್ತವೆ. ದಪ್ಪ ತಂತಿಯದು ಎಳೆಯುವ ಸುರುಳಿ, ತೆಳು ತಂತಿಯದು ಹಿಡಿದಿಡುವ ಸುರುಳಿ. ಹಿಡಿದಿಡುವುದರ ಒಂದು ತುದಿ ನೇರ ಬಾಡಿಗೆ ಅರ್ಥ್ ಆಗಿರುತ್ತದೆ. ಎಳೆಯುವುದರ ತುದಿ ಮೋಟರಿನ ಬೋಲ್ಟಿಗೆ ಸೇರಿ, ಮೋಟರಿನ ಮೂಲಕ ಅರ್ಥ್ ಆಗುತ್ತದೆ. ಶುರುವಿನಲ್ಲಿ ಎರಡೂ ಸೇರಿ ಎಳೆಯುತ್ತವೆ. ಬಿಲ್ಲೆ ಕೂತ ತಕ್ಷಣ ಮೋಟರಿನ ಬೋಲ್ಟಿಗೂ ಬ್ಯಾಟರಿಯ ಪೂರ್ಣ ವೋಲ್ಟೇಜ್ ಬಂದುಬಿಡುತ್ತದೆ. ಎಳೆಯುವ ಸುರುಳಿಯ ಎರಡೂ ತುದಿಯಲ್ಲಿ ಈಗ ಒಂದೇ ವೋಲ್ಟೇಜ್. ಅದರಲ್ಲಿ ಕರೆಂಟ್ ನಿಂತೇ ಹೋಯಿತು. ಬೇರೆ ಸ್ವಿಚ್ ಬೇಡ, ಟೈಮರ್ ಬೇಡ, ತನ್ನಷ್ಟಕ್ಕೆ ತಾನೇ ಬಿಟ್ಟುಕೊಡುತ್ತದೆ. ತೆಳು ಸುರುಳಿಯೊಂದೇ ಪ್ಲಂಜರನ್ನು ಹಿಡಿದುಕೊಂಡಿರುತ್ತದೆ. ಇದನ್ನು ಯೋಚಿಸಿದವರ ತಲೆಗೆ ಒಂದು ನಮಸ್ಕಾರ.

ಬ್ಯಾಟರಿ ಸೊರಗಿದಾಗ ಬರುವ ‘ಟಕಟಕಟಕ’ ಸದ್ದಿನ ಗುಟ್ಟೂ ಇಲ್ಲೇ ಇದೆ. ಪ್ಲಂಜರ್ ಕೂರುತ್ತದೆ, ಮೋಟರ್ ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಹಿಡಿತ ತಪ್ಪಿ ಪ್ಲಂಜರ್ ಹಿಂದೆ ಬರುತ್ತದೆ, ವೋಲ್ಟೇಜ್ ಮತ್ತೆ ಏರುತ್ತದೆ, ಮತ್ತೆ ಎಳೆಯುತ್ತದೆ. ಹಾಗಾಗಿ ಆ ಸದ್ದು ಕೇಳಿದ ಕೂಡಲೇ ‘ಸೊಲೆನಾಯ್ಡ್ ಹೋಗಿದೆ’ ಅಂತ ತೀರ್ಮಾನ ಮಾಡುವುದು ಆತುರ. ಮೊದಲು ಬ್ಯಾಟರಿ, ಅದರ ಟರ್ಮಿನಲ್ ನೋಡಬೇಕು.

ಕೆಲವು ಹಳೆಯ ಕಾರುಗಳಲ್ಲಿ ಸ್ಟಾರ್ಟರಿನಿಂದ ದೂರ, ಬಾಡಿಗೆ ತಗುಲಿಸಿದ ಇನ್ನೊಂದು ಡಬ್ಬಿ ಇರುತ್ತದೆ. ಅದು ಬರೀ ಸ್ವಿಚ್ ಕೆಲಸ ಮಾಡುತ್ತದೆ, ಹಲ್ಲುಗಾಲಿ ತಳ್ಳುವುದಿಲ್ಲ. ಅದನ್ನೂ ಸೊಲೆನಾಯ್ಡ್ ಅನ್ನುತ್ತಾರೆ. ಕಾರಿನ ಬಾಗಿಲಿನ ಸೆಂಟ್ರಲ್ ಲಾಕಿನಲ್ಲಿ ಎಷ್ಟೋ ಕಡೆ ಇರುವುದು ಪುಟಾಣಿ ಮೋಟರ್. ಆದರೂ ಕೆಲವರ ಬಾಯಲ್ಲಿ ಅದು ಸೊಲೆನಾಯ್ಡೇ. ಕರೆಂಟ್ ಕೊಟ್ಟರೆ ಏನೋ ಒಂದು ಟಕ್ಕಂತ ಸರಿಯುವುದೆಲ್ಲ ಸೊಲೆನಾಯ್ಡ್ ಅನ್ನುವ ಮಟ್ಟಕ್ಕೆ ಬಳಕೆ ಬಂದಿದೆ. ಸುರುಳಿಯ ಎಳೆತದಿಂದ ನಡೆಯುವ ಸ್ವಿಚ್ಚಾದ ರಿಲೇ ಮಾತ್ರ ಬೇರೆಯಾಗಿ ಉಳಿದಿದೆ. ಅದರಲ್ಲಿ ಸುರುಳಿಯೊಳಗೆ ಓಡುವ ಕಡ್ಡಿಯ ಬದಲು, ಸಾಮಾನ್ಯವಾಗಿ ತುದಿಯಲ್ಲಿ ಬಾಗಿಲಿನ ಹಾಗೆ ತಿರುಗುವ ತಗಡಿರುತ್ತದೆ.

ವಾಷಿಂಗ್ ಮೆಷಿನ್ನಿನದು ಸೊಲೆನಾಯ್ಡ್ ವಾಲ್ವ್. ರಿಪೇರಿಯವರು ಸಮಯ ಉಳಿಸೋಕೆ ಬರೀ ಸೊಲೆನಾಯ್ಡ್ ಅಂದಿದ್ದಾರೆ. ಇಲ್ಲೊಂದು ಜಾಣತನ ಇದೆ. ಅಷ್ಟು ಪುಟ್ಟ ಸುರುಳಿ ನಲ್ಲಿಯ ನೀರಿನ ಒತ್ತಡದ ಎದುರು ದೊಡ್ಡ ಬಾಯಿಯನ್ನು ತೆರೆಯಲಾರದು. ಅದು ತೆರೆಯುವುದು ರಬ್ಬರ್ ಪೊರೆಯ ನಡುವಿನ ಸಣ್ಣ ತೂತನ್ನು ಮಾತ್ರ. ಪೊರೆಯ ಮೇಲಿದ್ದ ನೀರು ಆ ತೂತಿನಿಂದ ಇಳಿದು ಹೋಗುತ್ತದೆ, ಕೆಳಗಿನ ಒತ್ತಡ ಪೊರೆಯನ್ನು ಎತ್ತುತ್ತದೆ. ಬಾಗಿಲು ತೆರೆಯುವ ಕೆಲಸ ನೀರಿನದ್ದೇ. ಅದಕ್ಕೇ ಒತ್ತಡ ತೀರಾ ಕಡಿಮೆ ಇರುವ ಕಡೆ ಕಾಯಿಲ್ ಸರಿಯಿದ್ದರೂ ವಾಲ್ವ್ ಪೂರ್ತಿ ತೆರೆಯುವುದಿಲ್ಲ. ಕೈಪಿಡಿಯಲ್ಲಿ ‘ಕನಿಷ್ಠ ಒತ್ತಡ’ ಅಂತ ಒಂದು ಅಂಕಿ ಇದ್ದರೆ ಅದನ್ನು ದಯವಿಟ್ಟು ಬಿಡಬೇಡಿ.

ಗಣಿತದಲ್ಲೂ ‘ಸೊಲೆನಾಯ್ಡಲ್ ಕ್ಷೇತ್ರ’ ಅಂತ ಒಂದಿದೆ: ಎಲ್ಲೂ ಹುಟ್ಟದೆ, ಎಲ್ಲೂ ಕೊನೆಯಾಗದೆ ಹರಿಯುವ ಕ್ಷೇತ್ರ. ನಿಮ್ಮ ಕೈಪಿಡಿಗೆ ಅದರ ಕಾಟ ಇರಲಾರದು.

ನನ್ನ ಸಲಹೆ ಹೀಗಿದೆ. ಪೂರ್ತಿ ಸಾಮಾನಿಗೆ ‘ಸೊಲೆನಾಯ್ಡ್’ ಅಂತಲೇ ಇಡಿ, ರಿಪೇರಿ ಮಾಡುವವರಿಗೆ ಅದೇ ಅರ್ಥವಾಗುವುದು. ಒಳಗಿನ ತಂತಿಗೆ ‘ಸುರುಳಿ’ ಅಥವಾ ‘ಕಾಯಿಲ್’, ಯಾವುದಾದರೂ ಒಂದನ್ನು ಹಿಡಿದು ಕೊನೆಯವರೆಗೂ ಅದನ್ನೇ ಬಳಸಿ. ನೀರು, ಗಾಳಿ, ಎಣ್ಣೆ ಬಿಡುವುದಕ್ಕೆ ಪ್ರತಿ ಸಲವೂ ‘ಸೊಲೆನಾಯ್ಡ್ ವಾಲ್ವ್’. ಕ್ರಿಯಾಪದ ‘ಎಳೆಯುವುದು’, ‘ಬಿಡುವುದು’ ಸಾಕು. ‘ಸಕ್ರಿಯಗೊಳ್ಳುತ್ತದೆ’ ಅಂತೆಲ್ಲ ಸುಮ್ನೆ ಯಾಕೆ?

ಇದು ಬರೀ ಪದದ ಚೊಕ್ಕಟತನಕ್ಕಲ್ಲ. ಎಸಿ ಕರೆಂಟಿನಲ್ಲಿ (ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟಿನಲ್ಲಿ) ನಡೆಯುವ ವಾಲ್ವುಗಳ ಕೈಪಿಡಿಯಲ್ಲಿ ಒಂದು ಎಚ್ಚರಿಕೆ ಇರುತ್ತದೆ: ಕಾಯಿಲನ್ನು ವಾಲ್ವಿನ ಮೇಲಿಂದ ತೆಗೆದಿಟ್ಟು ಅದಕ್ಕೆ ಕರೆಂಟ್ ಕೊಡಬೇಡಿ. ಎಸಿಯಲ್ಲಿ ಸುರುಳಿಯ ಕರೆಂಟನ್ನು ಮುಖ್ಯವಾಗಿ ತಡೆಯುವುದು ತಂತಿಯ ರೋಧವಲ್ಲ, ಒಳಗೆ ಕಬ್ಬಿಣ ಇದ್ದಾಗ ಹುಟ್ಟುವ ಎದುರು ವೋಲ್ಟೇಜ್. ಕಬ್ಬಿಣ ಇಲ್ಲದಿದ್ದರೆ ಕರೆಂಟ್ ವಿಪರೀತ ಏರಿ ಸುರುಳಿ ಸುಟ್ಟುಹೋಗುತ್ತದೆ. ಪ್ಲಂಜರ್ ಕಸ ಸಿಕ್ಕಿ ಅರ್ಧದಲ್ಲೇ ನಿಂತರೂ ಇದೇ ಗತಿ. ‘ಸೊಲೆನಾಯ್ಡ್ ಬಿಚ್ಚಿ ಕರೆಂಟ್ ಕೊಡಬೇಡಿ’ ಅಂತ ನೀವು ಬರೆದರೆ, ಓದಿದವರು ವಾಲ್ವನ್ನು ಇಡಿಯಾಗಿ ಪೈಪಿನಿಂದ ಬಿಚ್ಚುವ ಮಾತು ಅಂದುಕೊಳ್ಳುತ್ತಾರೆ. ವಾಲ್ವನ್ನು ಪೈಪಿನಲ್ಲೇ ಬಿಟ್ಟು, ಬರೀ ಕಾಯಿಲ್ ಕಳಚಿ ಮೇಜಿನ ಮೇಲಿಟ್ಟು, ಕೆಲಸ ಮಾಡುತ್ತದೋ ಇಲ್ಲವೋ ಅಂತ ವೈರ್ ತಗುಲಿಸುತ್ತಾರೆ. ಆ ವಾಕ್ಯದಲ್ಲಿ ‘ಕಾಯಿಲ್’ ಅಂತಲೇ ಇರಲಿ.