ಅಪ್‌ಡೇಟ್: ಅಪಘಾತದ ನಂತರ ತಮ್ಮನಿಗೆ ಕೊಪ್ಪಳದಲ್ಲಿ ಸಿಕ್ಕ ಆಪ್ತಸಮಾಲೋಚನೆ

ಕುಷ್ಟಗಿ ಬಳಿ ಹೆದ್ದಾರಿಯಲ್ಲಿ ಬೈಕ್ ಅಪಘಾತವಾದ ಮೇಲೆ ನಿದ್ದೆಯಿಲ್ಲದೆ, ಲಾರಿಯ ಹಾರ್ನ್ ಕೇಳಿದರೂ ಬೆಚ್ಚಿಬೀಳುತ್ತಿದ್ದ ನನ್ನ ತಮ್ಮನಿಗೆ ಆಪ್ತಸಮಾಲೋಚನೆ ಎಲ್ಲಿ ಸಿಗುತ್ತದೆ ಎಂದು ಹಿಂದೆ ಕೇಳಿದ್ದೆ. ನಿಮ್ಮಲ್ಲಿ ಕೆಲವರು ಸೂಚಿಸಿದಂತೆ ಮೊದಲು ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದೆವು. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದಾದ ಈ ಸಹಾಯವಾಣಿಯವರು ಅವನ ಮಾತನ್ನು ಅವಸರವಿಲ್ಲದೆ ಕೇಳಿ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಲು ಹೇಳಿದರು. ಲಕ್ಷಣಗಳು ತಿಂಗಳು ಮೀರಿಯೂ ಉಳಿದಿದ್ದರಿಂದ ಇದು ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆಯೆಂದೂ, ಅಪಘಾತದ ನೆನಪನ್ನೂ ಅವನು ದೂರವಿಟ್ಟಿದ್ದ ರಸ್ತೆಯನ್ನೂ ಹಂತ ಹಂತವಾಗಿ ಎದುರಿಸಲು ಕಲಿಸುವ ಚಿಕಿತ್ಸೆ ಬೇಕೆಂದೂ ವೈದ್ಯರು ವಿವರಿಸಿದರು. ಗಾಳಿ ಸೋಕಿದೆ ಎಂದು ನಂಬಿದ್ದ ಅವ್ವನನ್ನೂ ಕೂರಿಸಿಕೊಂಡು ತಿಳಿಹೇಳಿದ್ದು ಔಷಧಿಯಷ್ಟೇ ಮುಖ್ಯವೆಂದು ನನಗನಿಸುತ್ತದೆ. ಈಗ ನಿದ್ದೆ ಸುಧಾರಿಸಿದೆ. ಬೈಕ್ ಇನ್ನೂ ಮುಟ್ಟಿಲ್ಲವಾದರೂ ನನ್ನ ಜೊತೆ ಬಸ್ಸಿನಲ್ಲಿ ಕುಷ್ಟಗಿಗೆ ಹೋಗಿಬರುತ್ತಾನೆ, ಸಮಾಲೋಚನೆ ಮುಂದುವರಿದಿದೆ.